ಸುಡದ ಬಿಸಿಲು

ಕನ್ನಡದ ‘ಬಿಸಿಲು’ ಎಂಬ ಪದದ ಹೊಟ್ಟೆಯಲ್ಲೇ ಬಿಸಿ ಇದೆ. ಬೇಯು, ಬೇಸಿಗೆ, ಬಿಸಿ, ಬಿಸಿಲು ಎಲ್ಲವೂ ಒಂದೇ ಬೇರಿನವು. ಚೆನ್ನೈನಲ್ಲಿರುವವರು ದಿನಾ ಕೇಳುವ ‘ವೆಯಿಲ್’ ಕೂಡ ಅದೇ ಬಳಗದ್ದು. ಆಕಾಶದಿಂದ ಇಳಿಯುವುದನ್ನು ಕನ್ನಡ ಎರಡು ಪಾಲು ಮಾಡಿ ಇಟ್ಟುಕೊಂಡಿದೆ: ಕಣ್ಣಿಗೆ ಕಾಣುವುದು ಬೆಳಕು, ಮೈಗೆ ತಾಗುವುದು ಬಿಸಿಲು. ಆ ಬಿಸಿಲಿಗೂ ದರ್ಜೆಗಳಿವೆ. ಎಳೆಬಿಸಿಲು, ಹೂಬಿಸಿಲು, ಸಂಜೆಬಿಸಿಲು, ಬಿರುಬಿಸಿಲು, ಉರಿಬಿಸಿಲು, ರಣಬಿಸಿಲು. ಇವುಗಳ ಅಳತೆಗೋಲು ಒಂದೇ, ಎಷ್ಟು ಸುಡುತ್ತದೆ ಎನ್ನುವುದು. “ಬಿಸಿಲಿಗೆ ಹೋಗಬೇಡ” ಎಂದರೆ ಬಿಸಿ ತಾಗುವ ಕಡೆ ಹೋಗಬೇಡ ಎಂದೇ ಅರ್ಥ. ಜುಲೈ ತಿಂಗಳ ಮೋಡದ ಮಧ್ಯಾಹ್ನದಲ್ಲಿ ಅಂಗಳಕ್ಕಿಳಿದ ಮಗುವನ್ನು ನೋಡಿ ಅದು ಬಿಸಿಲಿಗೆ ಹೋಗಿದೆ ಎಂದು ಯಾರೂ ಹೇಳುವುದಿಲ್ಲ.

ಹೊಲದಲ್ಲಿ ದುಡಿಯುವವರಿಗೆ, ಮಾಳಿಗೆ ಮೇಲೆ ಹಪ್ಪಳ ಸಂಡಿಗೆ ಒಣಗಿಸುವವರಿಗೆ, ದನ ಮೇಯಿಸುವವರಿಗೆ ಇಷ್ಟು ಪದಗಳು ಸಾಕು. ಮೈ ಸುಟ್ಟರೆ ನೆರಳಿಗೆ ಬರಬೇಕು, ಸುಡದಿದ್ದರೆ ಚಿಂತೆಯಿಲ್ಲ. ಈ ಲೆಕ್ಕ ಪೂರ್ತಿ ತಪ್ಪಾಗಿಬಿಡುವ ಕೆಲವು ಮಕ್ಕಳು ಹುಟ್ಟುತ್ತಾರೆ. ಅವರಿಗೆ ಅಪಾಯ ತರುವುದು ಬಿಸಿಯೂ ಅಲ್ಲ, ಕಾಣುವ ಬೆಳಕೂ ಅಲ್ಲ, ಅವೆರಡರ ಜೊತೆ ಸದ್ದಿಲ್ಲದೆ ಬರುವ ಮೂರನೆಯದು. ವಿಜ್ಞಾನದ ಕನ್ನಡ ಅದನ್ನು ನೇರಳಾತೀತ ಕಿರಣ ಎಂದು ಕರೆಯುತ್ತದೆ. ನೇರಳೆ ಬಣ್ಣದ ಆಚೆಗಿನದು, ಅಂದರೆ ಕಣ್ಣಿಗೆ ಕಾಣದ್ದು. ಅದು ಬೀಳುವಾಗ ಚರ್ಮಕ್ಕೂ ಗೊತ್ತಾಗುವುದಿಲ್ಲ ಎಂಬುದು ಆ ಪದದಲ್ಲಿಲ್ಲ.

ಕಾಯಿಲೆಯ ಹೆಸರು ಜೆರೋಡರ್ಮಾ ಪಿಗ್ಮೆಂಟೋಸಮ್. ವೈದ್ಯರೂ ಮನೆಯವರೂ ಎಕ್ಸ್‌ಪಿ ಎನ್ನುತ್ತಾರೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಒಂದೇ ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಪಶ್ಚಿಮ ಯುರೋಪಿನಲ್ಲಿ ಹತ್ತು ಲಕ್ಷ ಹೆರಿಗೆಗೆ ಎರಡೋ ಮೂರೋ ಮಕ್ಕಳು, ಜಪಾನಿನಲ್ಲಿ ಸುಮಾರು 22,000ಕ್ಕೆ ಒಂದು ಮಗು. ಉತ್ತರ ಆಫ್ರಿಕಾದ ಟ್ಯುನೀಷಿಯಾದಲ್ಲಿ ಇನ್ನೂ ಹೆಚ್ಚು. ಭಾರತದ ಚರ್ಮರೋಗ ವೈದ್ಯರ ಪತ್ರಿಕೆಗಳಲ್ಲೂ ದಶಕಗಳಿಂದ ಅಲ್ಲೊಂದು ಇಲ್ಲೊಂದು ವರದಿ ಬರುತ್ತಲೇ ಇದೆ. ಎಷ್ಟೋ ಸಲ ಅದು ಒಂದೇ ಮನೆಯ ಇಬ್ಬರು ಅಕ್ಕತಂಗಿಯರದೋ ಅಣ್ಣತಮ್ಮಂದಿರದೋ ಆಗಿರುತ್ತದೆ.

ಈ ಮಕ್ಕಳಿಗೆ ಚರ್ಮದ ಕ್ಯಾನ್ಸರ್ ಬರುತ್ತದೆ. ಯಾವ ವಯಸ್ಸಿನಲ್ಲಿ ಬರುತ್ತದೆ ಎಂಬುದನ್ನು ಕೇಳಬೇಕು. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1971ರಿಂದ 2009ರವರೆಗೆ 106 ಎಕ್ಸ್‌ಪಿ ರೋಗಿಗಳನ್ನು ಪರೀಕ್ಷಿಸಿತು. ಬೇಸಲ್ ಸೆಲ್, ಸ್ಕ್ವಾಮಸ್ ಸೆಲ್ ಎಂಬ ಎರಡು ಸಾಮಾನ್ಯ ಬಗೆಯ ಚರ್ಮದ ಕ್ಯಾನ್ಸರ್ ಬಂದವರಲ್ಲಿ ಅರ್ಧದಷ್ಟು ಜನಕ್ಕೆ ಅದು 9 ವರ್ಷದ ಒಳಗೇ ಮೊದಲ ಸಲ ಕಾಣಿಸಿಕೊಂಡಿತ್ತು. ಉಳಿದ ಅಮೆರಿಕನ್ನರ ಲೆಕ್ಕದಲ್ಲಿ ಆ ಗಡಿ 67 ವರ್ಷ. ಇಪ್ಪತ್ತು ತುಂಬದ ಎಕ್ಸ್‌ಪಿ ರೋಗಿಗಳಿಗೆ ಈ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ 10,000 ಪಟ್ಟು, ಹೆಚ್ಚು ಮಾರಕವಾದ ಮೆಲನೋಮಾದ ಅಪಾಯ 2,000 ಪಟ್ಟು. ಮುತ್ತಜ್ಜನ ಮುಖದಲ್ಲಿ ಕಾಣಬೇಕಾದದ್ದು ನಾಲ್ಕನೇ ಕ್ಲಾಸಿನ ಹುಡುಗಿಯ ಮೂಗಿನ ಮೇಲೆ, ರೆಪ್ಪೆಯ ಮೇಲೆ, ಕೆಳತುಟಿಯ ಮೇಲೆ ಕಾಣುತ್ತದೆ. ನಾಲಗೆಯ ತುದಿಯ ಮೇಲೂ ಬರುತ್ತದೆ. ಮಾತನಾಡುವಾಗ, ನಗುವಾಗ ನಾಲಗೆಯ ತುದಿಗೂ ಬೆಳಕು ಬೀಳುತ್ತದಲ್ಲ.

ಹೆಸರಿನ ಕಥೆ ವಿಯೆನ್ನಾದ್ದು. ಅಲ್ಲಿನ ಚರ್ಮರೋಗ ವೈದ್ಯ ಮೊರಿಟ್ಜ್ ಕಪೋಸಿ ತನ್ನ ಮಾವ ಫರ್ಡಿನಾಂಡ್ ಫಾನ್ ಹೆಬ್ರಾ ಜೊತೆ ಬರೆದ ಪಠ್ಯಪುಸ್ತಕದಲ್ಲಿ 1874ರಲ್ಲಿ ಇದನ್ನು ಮೊದಲು ವಿವರಿಸಿದ. ಹಳೇ ತೊಗಲಿನ ಹಾಳೆಯಂತೆ ಒಣಗಿ ಸುಕ್ಕಾದ, ಚುಕ್ಕೆ ತುಂಬಿದ ಎಳೆಯರ ಚರ್ಮ ಅವನ ಕಣ್ಣಿಗೆ ಬಿದ್ದಿತ್ತು. ಕಂಡದ್ದನ್ನೇ ಹೆಸರು ಮಾಡಿದ: ಗ್ರೀಕಿನಿಂದ ಒಣಚರ್ಮ, ಅದಕ್ಕೆ ಲ್ಯಾಟಿನ್ನಿನ ‘ಬಣ್ಣಗಟ್ಟಿದ’ ಎಂಬ ವಿಶೇಷಣ 1882ರಲ್ಲಿ ಸೇರಿತು. ಈ ಹೆಸರಿನಲ್ಲಿ ಸೂರ್ಯನೂ ಇಲ್ಲ, ಕ್ಯಾನ್ಸರೂ ಇಲ್ಲ. ವೈದ್ಯಕೀಯದ ಬಹಳಷ್ಟು ಹೆಸರುಗಳು ಹೀಗೆಯೇ, ಕಾರಣ ಗೊತ್ತಾಗುವ ಮೊದಲೇ ಇಟ್ಟಂಥವು. ಆಮೇಲೆ ಗೊತ್ತಾದರೂ ಬದಲಾಗುವುದಿಲ್ಲ. ಅನುವಾದಿಸುವವರು ಇದನ್ನು ‘ವರ್ಣಯುಕ್ತ ಶುಷ್ಕಚರ್ಮ’ ಎಂದೋ ಏನೋ ಮಾಡಿಬಿಟ್ಟರೆ ಓದಿದ ತಾಯಿ ತೆಂಗಿನೆಣ್ಣೆ ಹಚ್ಚುತ್ತಾಳೆ. ಎಕ್ಸ್‌ಪಿ ಎಂಬ ಎರಡು ಅಕ್ಷರವೇ ವಾಸಿ.

ಕಾರಣ ತಿಳಿಯಲು ಸುಮಾರು ನೂರು ವರ್ಷ ಬೇಕಾಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ, ಕೋಶಗಳು ತಮ್ಮ ಡಿಎನ್‌ಎಗೆ ಆದ ಹಾನಿಯನ್ನು ತಾವೇ ದುರಸ್ತಿ ಮಾಡಿಕೊಳ್ಳುವ ಬಗೆಯನ್ನು ನೋಡುತ್ತಿದ್ದರು. ದುರಸ್ತಿ ಮಾಡಲಾರದ ಮನುಷ್ಯ ಕೋಶ ಎಲ್ಲಾದರೂ ಸಿಕ್ಕರೆ ಹೋಲಿಸಿ ನೋಡಬಹುದಿತ್ತು. ದಿನಪತ್ರಿಕೆಯೊಂದರಲ್ಲಿ ಎಕ್ಸ್‌ಪಿ ಬಗ್ಗೆ ಓದಿದರು. ರೋಗಿಗಳ ಚರ್ಮದ ಕೋಶಗಳನ್ನು ತರಿಸಿ ನೇರಳಾತೀತ ಕಿರಣ ಹಾಯಿಸಿದಾಗ, ಬೇರೆಯವರ ಕೋಶಗಳಲ್ಲಿ ಕೂಡಲೇ ಶುರುವಾಗುವ ದುರಸ್ತಿ ಇವುಗಳಲ್ಲಿ ನಡೆಯಲೇ ಇಲ್ಲ. 1968ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ದುರಸ್ತಿ ನಿಂತರೆ ಕ್ಯಾನ್ಸರ್ ಬರುತ್ತದೆ ಎಂಬ ಸಂಬಂಧ ಮನುಷ್ಯರಲ್ಲಿ ಮೊದಲು ಸ್ಪಷ್ಟವಾಗಿ ಕಂಡದ್ದು ಹೀಗೆ. ವಿರಳ ಕಾಯಿಲೆಯ ಬೆರಳೆಣಿಕೆಯ ರೋಗಿಗಳು ಉಳಿದವರೆಲ್ಲರ ಬಗ್ಗೆ ಹೇಳಿಕೊಟ್ಟ ಪಾಠ ಅದು. ಆ ರೋಗಿಗಳಿಗೆ ಅದರಿಂದ ಸಿಕ್ಕದ್ದು ಮಾತ್ರ ಬಹಳ ಕಡಿಮೆ.

ದುರಸ್ತಿ ನಡೆಯುವ ರೀತಿ ಕರಡು ತಿದ್ದುವವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಡಿಎನ್‌ಎ ಎಂಬ ಬರಹದಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಅಕ್ಷರಗಳನ್ನು ನೇರಳಾತೀತ ಕಿರಣ ಒಂದಕ್ಕೊಂದು ಅಂಟಿಸಿಬಿಡುತ್ತದೆ. ಬಿಸಿಲಿಗೆ ಮೈಯೊಡ್ಡಿದ ಎಲ್ಲರ ಚರ್ಮದಲ್ಲೂ ಪ್ರತಿದಿನ ಇದು ಲೆಕ್ಕವಿಲ್ಲದಷ್ಟು ಸಲ ಆಗುತ್ತದೆ. ಕೂಡಲೇ ಒಂದು ತಂಡ ಬರುತ್ತದೆ. ಒಬ್ಬ ತಪ್ಪನ್ನು ಗುರುತಿಸುತ್ತಾನೆ, ಇನ್ನೊಬ್ಬ ಹೌದೇ ಎಂದು ಖಚಿತ ಮಾಡಿಕೊಳ್ಳುತ್ತಾನೆ, ಇಬ್ಬರು ಹೆಣಿಗೆಯನ್ನು ಬಿಚ್ಚುತ್ತಾರೆ, ಇನ್ನಿಬ್ಬರು ತಪ್ಪಿನ ಆಚೆ ಒಂದು ಈಚೆ ಒಂದು ಕತ್ತರಿ ಹಾಕುತ್ತಾರೆ. ಸುಮಾರು ಮೂವತ್ತು ಅಕ್ಷರಗಳ ತುಂಡು ಹೊರಗೆ ಬೀಳುತ್ತದೆ. ಎದುರಿನ ಎಳೆಯನ್ನು ನೋಡಿಕೊಂಡು ಅಲ್ಲಿ ಹೊಸದಾಗಿ ಬರೆಯಲಾಗುತ್ತದೆ. ಇದನ್ನು ಹಂತಹಂತವಾಗಿ ಬಿಡಿಸಿ ತೋರಿಸಿದವರಲ್ಲಿ ಟರ್ಕಿಯಲ್ಲಿ ಹುಟ್ಟಿದ ಅಜೀಜ್ ಸಂಜಾರ್ ಪ್ರಮುಖರು, 2015ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡವರು. ತಂಡದ ಏಳು ಜನರಲ್ಲಿ ಯಾರೊಬ್ಬರು ಕೈಕೊಟ್ಟರೂ ಎಕ್ಸ್‌ಪಿ. ಅದಕ್ಕೇ ಕಾಯಿಲೆಗೆ ಎ ಇಂದ ಜಿ ವರೆಗೆ ಏಳು ಬಗೆ. ಎಂಟನೆಯದು ವಿ, ಅದರ ಮಾತು ಮುಂದೆ ಬರುತ್ತದೆ.

ಇಷ್ಟೇ ಆಗಿದ್ದರೆ ಎಕ್ಸ್‌ಪಿ ಮಗುವನ್ನು ಗುರುತಿಸುವುದು ಸುಲಭವಿತ್ತು. ಬಿಸಿಲು ತಾಗಿದೊಡನೆ ಸುಡುತ್ತದೆ, ಅಳುತ್ತದೆ, ವೈದ್ಯರ ಹತ್ತಿರ ಓಡಬೇಕು. ಕೆಲವು ಮಕ್ಕಳಲ್ಲಿ ಹಾಗೆಯೇ ಆಗುತ್ತದೆ. ಕೆಲವೇ ನಿಮಿಷ ಹೊರಗಿದ್ದ ಕೂಸಿನ ಕೆನ್ನೆ ಕೆಂಪಾಗಿ ಊದಿ ಬೊಬ್ಬೆ ಬರುತ್ತದೆ. ಅದೂ ಕೂಡಲೇ ಅಲ್ಲ. ಉರಿ ಏರುತ್ತಾ ಹೋಗಿ ಎರಡು ಮೂರು ದಿನದಲ್ಲಿ ತುದಿ ಮುಟ್ಟುತ್ತದೆ, ಇಳಿಯಲು ವಾರಗಳು ಹಿಡಿಯುತ್ತವೆ. ಸೋಮವಾರದ ಬಿಸಿಲಿಗೂ ಗುರುವಾರದ ಬೊಬ್ಬೆಗೂ ಗಂಟು ಹಾಕಲು ಯಾರಿಗೂ ತೋಚುವುದಿಲ್ಲ. ಹೊಸ ಸೋಪು, ಎಣ್ಣೆ, ಕಡಲೆಹಿಟ್ಟು, ಏನೋ ಕಚ್ಚಿರಬೇಕು ಎಂದು ಮಾತು ಬೇರೆ ಕಡೆ ತಿರುಗುತ್ತದೆ. ಮಗುವನ್ನು ಯಾರೋ ಸುಟ್ಟಿದ್ದಾರೆಂಬ ಅನುಮಾನಕ್ಕೆ ತಂದೆತಾಯಂದಿರು ಗುರಿಯಾದದ್ದೂ ಉಂಟು.

ಇವರ ಕಥೆ ಕಷ್ಟದ್ದೇ. ಆದರೂ ಒಂದು ಲೆಕ್ಕದಲ್ಲಿ ಇವರಿಗೆ ಎಚ್ಚರಿಕೆಯ ಗಂಟೆಯಾದರೂ ಇದೆ. ಎಕ್ಸ್‌ಪಿಯವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಆ ಗಂಟೆಯೂ ಇಲ್ಲ. ಬಿಸಿಲಿಗೆ ಹೋದರೆ ಅವರ ಮೈ ಎಲ್ಲರ ಮೈಯಂತೆ ಕಪ್ಪಾಗುತ್ತದೆ, ಅಷ್ಟೆ. ನೋವಿಲ್ಲ, ಬೊಬ್ಬೆಯಿಲ್ಲ, ಅಳುವಿಲ್ಲ. ಲಂಡನ್ನಿನ ಗೈಸ್ ಮತ್ತು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 2010ರಿಂದ ಎಕ್ಸ್‌ಪಿಗೆಂದೇ ಒಂದು ರಾಷ್ಟ್ರೀಯ ಸೇವೆ ನಡೆಯುತ್ತಿದೆ. ಅಲ್ಲಿನವರು 2016ರಲ್ಲಿ 89 ರೋಗಿಗಳ ವಿವರ ಪ್ರಕಟಿಸಿದಾಗ ಹೊರಬಂದ ಸಂಗತಿ ವಿಚಿತ್ರವಾಗಿತ್ತು. ಸುಡುವ ಬಗೆಯವರಿಗಿಂತ ಸುಡದ ಬಗೆಯವರಲ್ಲೇ ಚರ್ಮದ ಕ್ಯಾನ್ಸರ್ ಹೆಚ್ಚು. ಬೆಥೆಸ್ಡಾದ ಲೆಕ್ಕವೂ ಇದಕ್ಕೆ ಹೊಂದುತ್ತದೆ. ಚೂರು ಬಿಸಿಲಿಗೇ ತೀವ್ರವಾಗಿ ಸುಟ್ಟುಕೊಳ್ಳುತ್ತಿದ್ದವರಲ್ಲಿ ಚರ್ಮದ ಕ್ಯಾನ್ಸರ್ ಬಂದದ್ದು ಕಡಿಮೆ, ಹಾಗೆ ಸುಡದವರಲ್ಲಿ ಹೆಚ್ಚು.

ಇದರ ಹಿಂದೆ ಇರುವುದು ದುರಸ್ತಿಯ ಎರಡು ದಾರಿಗಳು. ಒಂದು, ಇಡೀ ಪುಸ್ತಕವನ್ನು ಪುಟಪುಟವಾಗಿ ಸುತ್ತುತ್ತಾ ತಪ್ಪು ಹುಡುಕುವ ಗಸ್ತು. ಇನ್ನೊಂದು, ಈ ಹೊತ್ತು ಓದುತ್ತಿರುವ ಪುಟದಲ್ಲೇ ನಡೆಯುವ ತಿದ್ದುಪಡಿ. ವಂಶವಾಹಿಯನ್ನು ಓದುತ್ತಾ ಸಾಗುವ ಯಂತ್ರ ಅಂಟಿದ ಅಕ್ಷರದ ಹತ್ತಿರ ತಡವರಿಸಿ ನಿಂತರೆ, ಆ ನಿಂತದ್ದೇ ತಂಡಕ್ಕೆ ಕರೆ. ಎರಡೂ ದಾರಿ ಮುಚ್ಚಿಹೋದವರಲ್ಲಿ ಕೋಶಕ್ಕೆ ತನ್ನ ದಿನದ ಕೆಲಸವೇ ನಡೆಸಲಾಗುವುದಿಲ್ಲ. ಅದು ಸಾಯುತ್ತದೆ. ಹಾಗೆ ರಾಶಿರಾಶಿಯಾಗಿ ಕೋಶಗಳು ಸತ್ತಾಗ ಮೇಲೆ ಕಾಣುವುದೇ ಆ ಕೆಂಪು, ಆ ಬೊಬ್ಬೆ. ಸಿ ಮತ್ತು ಇ ಬಗೆಯವರಲ್ಲಿ ಕೆಟ್ಟಿರುವುದು ಗಸ್ತು ಮಾತ್ರ. ಓದುವ ಪುಟ ಸರಿಹೋಗುತ್ತದೆ, ಕೋಶ ಬದುಕುತ್ತದೆ, ಚರ್ಮ ಸುಡುವುದಿಲ್ಲ. ಓದದ ಪುಟಗಳಲ್ಲಿ ತಪ್ಪುಗಳು ಹಾಗೇ ಉಳಿದು, ಕೋಶ ಒಡೆದು ಎರಡಾಗುವಾಗ ಪ್ರತಿಯಿಂದ ಪ್ರತಿಗೆ ದಾಟಿಕೊಳ್ಳುತ್ತವೆ. ಸಾಯಬೇಕಾದ ಕೋಶ ಬದುಕಿದ್ದರಿಂದಲೇ ಕ್ಯಾನ್ಸರ್. ವಿ ಬಗೆಯವರಲ್ಲಿ ದುರಸ್ತಿ ತಂಡ ಪೂರ್ತಿ ಸರಿಯಿದೆ. ಅಂಟಿದ ಅಕ್ಷರಗಳು ಎದುರಾದಾಗಲೂ ತಪ್ಪಿಲ್ಲದೆ ನಕಲು ಮಾಡಿಕೊಂಡು ಮುಂದೆ ಹೋಗಬಲ್ಲ ಒಬ್ಬ ವಿಶೇಷ ನಕಲುಗಾರ ಇರುತ್ತಾನೆ, ಅವನು ಇಲ್ಲ. ಅವನ ಜಾಗದಲ್ಲಿ ಬಂದವರು ಊಹಿಸಿ ಬರೆಯುತ್ತಾರೆ. ಇವರಿಗೂ ಸಾಮಾನ್ಯವಾಗಿ ಸುಡುವುದಿಲ್ಲ. ಕ್ಯಾನ್ಸರ್ ಕೂಡ ತಡವಾಗಿ, ಹರೆಯ ದಾಟಿದ ಮೇಲೆ ಶುರುವಾಗುತ್ತದೆ. ಆ ಹೊತ್ತಿಗೆ ಎರಡು ಮೂರು ದಶಕದ ಬಿಸಿಲು ಮೈಮೇಲೆ ಬಿದ್ದಾಗಿರುತ್ತದೆ.

ಇದು ಒಂದು ಊರಿಗೆ ಊರೇ ಹೊತ್ತ ಕಷ್ಟವಾದದ್ದು ಬ್ರೆಜಿಲ್‌ನಲ್ಲಿ. ದೇಶದ ನಡುಭಾಗದ ಗೊಯಾಸ್ ರಾಜ್ಯದಲ್ಲಿ ಅರಾರಸ್ ಎಂಬ ಹಳ್ಳಿಯಿದೆ. ಪೋರ್ಚುಗೀಸಿನಲ್ಲಿ ಅರಾರಾ ಎಂದರೆ ಮಕಾವ್, ಬಣ್ಣಬಣ್ಣದ ದೊಡ್ಡ ಗಿಳಿ. ಸುಮಾರು 800 ಜನರ ಆ ಊರಿನಲ್ಲಿ 20ಕ್ಕೂ ಹೆಚ್ಚು ಮಂದಿಗೆ ಎಕ್ಸ್‌ಪಿ. ಅಮೆರಿಕದಲ್ಲಿ ಹತ್ತು ಲಕ್ಷಕ್ಕೆ ಒಬ್ಬರು ಎಂದು ಹೇಳುವ ಕಾಯಿಲೆ ಇಲ್ಲಿ ನಲವತ್ತಕ್ಕೆ ಒಬ್ಬರಿಗೆ. ಹಿಂದೆ ಬಂದು ನೆಲೆಸಿದ ಕೆಲವೇ ಕುಟುಂಬಗಳು, ಅವರವರಲ್ಲೇ ಮದುವೆಗಳು. ಎಲ್ಲರೂ ಹೊಲ, ದನ, ಹುಲ್ಲುಗಾವಲು ನಂಬಿದ ರೈತರು. ಸಮಭಾಜಕ ವೃತ್ತದ ಹತ್ತಿರದ ಸೂರ್ಯನ ಕೆಳಗೆ ಬೆಳಗಿನಿಂದ ಸಂಜೆಯವರೆಗೆ ದುಡಿಯಬೇಕು. ಅವರದು ವಿ ಬಗೆ, ಸುಡದ ಬಗೆ. ಆದ್ದರಿಂದ ಯಾರೂ ನೆರಳಿಗೆ ಓಡಲಿಲ್ಲ. ತಲೆಮಾರುಗಳ ಕಾಲ ಮನುಷ್ಯರ ಮೂಗು, ತುಟಿ, ರೆಪ್ಪೆ, ಕೆನ್ನೆಯ ಭಾಗಗಳನ್ನು ವೈದ್ಯರು ಕತ್ತರಿಸಿ ತೆಗೆಯುತ್ತಾ ಹೋದರು. ಕೆಲವರು ಮುಖಕ್ಕೆ ಕೃತಕ ಭಾಗ ಜೋಡಿಸಿಕೊಂಡು ಬದುಕಿದರು. ಊರಿನಲ್ಲಿ ಬಗೆಬಗೆಯ ವಿವರಣೆಗಳಿದ್ದವು. ಸೂರ್ಯನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ, ಬರಲು ಕಾರಣವೂ ಇರಲಿಲ್ಲ.

ಊರಿನವರೇ ಕೇಳುತ್ತಾ ಕೇಳುತ್ತಾ ಹೋದ ಮೇಲೆ, ಈ ಶತಮಾನದಲ್ಲಿ, ಕಾಯಿಲೆಗೆ ಹೆಸರು ಸಿಕ್ಕಿತು. ಸಾವೊ ಪಾವ್ಲೊ ವಿಶ್ವವಿದ್ಯಾಲಯದ ತಂಡ ಬಂದು ಪರೀಕ್ಷಿಸಿದಾಗ ಅಷ್ಟು ಸಣ್ಣ ಊರಿನಲ್ಲಿ ಒಂದೇ ವಂಶವಾಹಿಯ ಎರಡು ಬೇರೆ ಬೇರೆ ತಪ್ಪುಗಳು ಸಿಕ್ಕವು. ಒಬ್ಬ ಮೂಲಪುರುಷನಿಂದ ಬಂದದ್ದು ಎಂದುಕೊಂಡಿದ್ದು ಎರಡು ದಾರಿಯಿಂದ ಬಂದು ಕೂಡಿತ್ತು. ಆದರೆ ಹೆಸರು ಸಿಕ್ಕ ಮೇಲೂ ಹೊಲಕ್ಕೆ ಹೋಗಲೇಬೇಕು. ರಾತ್ರಿ ಉಳುಮೆ ಮಾಡಲಾಗುವುದಿಲ್ಲ. ಅಗಲ ಅಂಚಿನ ಟೋಪಿ, ಉದ್ದ ತೋಳಿನ ಅಂಗಿ, ಸನ್‌ಸ್ಕ್ರೀನ್. ಉತ್ತರ ಯುರೋಪಿನ ಆಸ್ಪತ್ರೆಯ ಸಲಹೆಯ ಹಾಳೆ ಅರಾರಸ್‌ನಲ್ಲಿ ಅಷ್ಟರಮಟ್ಟಿಗೆ ಮಾತ್ರ ಕೆಲಸಕ್ಕೆ ಬರುತ್ತದೆ.

ಎಕ್ಸ್‌ಪಿಯವರನ್ನು ಫ್ರಾನ್ಸಿನಲ್ಲಿ ‘ಚಂದ್ರನ ಮಕ್ಕಳು’ ಎನ್ನುತ್ತಾರೆ. ಪೋಷಕರ ಸಂಘಕ್ಕೂ ಅದೇ ಹೆಸರು. ಮೊರಾಕ್ಕೊ, ಟ್ಯುನೀಷಿಯಾಗಳಲ್ಲೂ ಹಾಗೇ ಕರೆಯುತ್ತಾರೆ. ಕನ್ನಡಕ್ಕೆ ತಂದರೆ ‘ಬೆಳದಿಂಗಳ ಮಕ್ಕಳು’ ಎಂದಾಗುತ್ತದೆ, ಕವನ ಸಂಕಲನಕ್ಕೆ ಇಡಬಹುದಾದ ಹೆಸರು. ತೊಂದರೆ ಇರುವುದೂ ಅಲ್ಲೇ. ಜಪಾನಿನಲ್ಲಿ 2006ರಲ್ಲಿ ಒಂದು ಚಿತ್ರ ಬಂತು, ರಾತ್ರಿ ಮಾತ್ರ ಹೊರಗೆ ಬಂದು ಗಿಟಾರ್ ನುಡಿಸುವ ಹುಡುಗಿಯದು. 2018ರಲ್ಲಿ ಹಾಲಿವುಡ್ ಅದನ್ನು ‘ಮಿಡ್‌ನೈಟ್ ಸನ್’ ಎಂದು ಮತ್ತೆ ಮಾಡಿತು. ಅದರಲ್ಲಿ ಒಂದು ಮುಂಜಾವಿನ ಬಿಸಿಲು ತಾಗಿದ್ದೇ ನಾಯಕಿ ಸಾವಿನ ಕಡೆ ಜಾರುತ್ತಾಳೆ. ಎಕ್ಸ್‌ಪಿ ಹಾಗೆ ಒಂದು ಬೆಳಗಿನಲ್ಲಿ ಕೊಲ್ಲುವುದಿಲ್ಲ. ಸಾಲ ಬೆಳೆದಂತೆ ಬೆಳೆಯುತ್ತದೆ, ನಿನ್ನೆಯದರ ಮೇಲೆ ಇವತ್ತಿನದು. ನರಮಂಡಲ ಕುಗ್ಗುವುದೂ ನಿಜ. ಬೆಥೆಸ್ಡಾದ ರೋಗಿಗಳಲ್ಲಿ ಸುಮಾರು ಕಾಲುಭಾಗಕ್ಕೆ ಹಾಗಾಗಿತ್ತು: ಕಿವಿ ಮಂದವಾಗುವುದು, ನಡಿಗೆ ತಪ್ಪುವುದು, ಕಲಿತದ್ದು ಮರೆಯುವುದು. ಅದು ಬಿಸಿಲು ಬಿದ್ದರೂ ಬೀಳದಿದ್ದರೂ ಆಗುವಂಥದ್ದು, ಮಿದುಳಿಗೆ ಸೂರ್ಯನೇ ಕಾಣುವುದಿಲ್ಲವಲ್ಲ. ಸಿನಿಮಾದವರಿಗೆ ಒಂದು ಸುಡುವ ಕ್ಷಣ ಬೇಕಿತ್ತು. ಸುಡದೆಯೇ ಮುಖ ಕಳೆದುಕೊಂಡ ನಲವತ್ತರ ರೈತನ ಮೇಲೆ ಹಾಡು ಕಟ್ಟಲು ಆಗುವುದಿಲ್ಲ.

ಇನ್ನು ಕನ್ನಡದ ಮನೆಗಳ ಮಾತು. ಹೆಚ್ಚು ಮೆಲನಿನ್ ಇರುವ ಚರ್ಮಕ್ಕೆ ನೇರಳಾತೀತ ಕಿರಣದಿಂದ ಒಂದಿಷ್ಟು ರಕ್ಷಣೆಯಿದೆ. ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ ಎಂಬ ನಂಬಿಕೆ ವೈದ್ಯರಲ್ಲೂ ಇರುವುದಕ್ಕೆ ಅದೇ ಕಾರಣ. ಎಕ್ಸ್‌ಪಿ ಇದ್ದವರಿಗೆ ಆ ರಕ್ಷಣೆ ಸಾಲುವುದಿಲ್ಲ. ಮೊದಲ ಗುರುತು ಬರುವುದು ಎರಡು ವರ್ಷ ತುಂಬುವ ಮೊದಲೇ. ಮೂಗು, ಕೆನ್ನೆ, ಕೈಗಳ ಮೇಲುಭಾಗ, ಅಂದರೆ ಬಟ್ಟೆ ಮುಚ್ಚದ ಕಡೆಯೆಲ್ಲ ರಾಗಿಕಾಳು ಚೆಲ್ಲಿದಂತೆ ಕಂದು ಚುಕ್ಕೆಗಳು, ನಡುನಡುವೆ ಬಿಳಿ ಚುಕ್ಕೆಗಳು. ಯುರೋಪಿನ ಬಿಳಿ ಮಗುವಿಗೆ ಇಂಥ ಚುಕ್ಕೆ ಮಾಮೂಲಿ. ಎರಡು ವರ್ಷದೊಳಗಿನ ಕನ್ನಡದ ಮಗುವಿಗೆ ಮಾಮೂಲಿ ಅಲ್ಲ. ಆದರೆ ಅದಕ್ಕೊಂದು ಸರಿಯಾದ ಪದವೂ ಇಲ್ಲ. ಮಚ್ಚೆ ಎಂದರೆ ಹುಟ್ಟಿನಿಂದ ಬಂದದ್ದು, ಅದೃಷ್ಟ. ಬಂಗು ಎಂದರೆ ದೊಡ್ಡವರ ಮುಖದ್ದು. ಕಲೆ ಎಂದರೆ ಗಾಯ ಒಣಗಿ ಉಳಿದದ್ದು. ಪದ ಸಿಗದೆ ಹೋದಾಗ ಕಾರಣ ಹುಡುಕುತ್ತಾರೆ. ಚರ್ಮಕ್ಕೆ ಏನೇ ಆದರೂ ನಾಗದೋಷ ಎನ್ನುವ ಮನೆಗಳು ಕರಾವಳಿಯಲ್ಲಷ್ಟೇ ಅಲ್ಲ, ಘಟ್ಟದ ಮೇಲೂ ಇವೆ. ಹರಕೆ, ಪೂಜೆ ಮುಗಿಯುವಷ್ಟರಲ್ಲಿ ಇನ್ನೆರಡು ಬೇಸಿಗೆ ಕಳೆದಿರುತ್ತವೆ. ಹರಕೆ ಹೊತ್ತವರನ್ನು ಬೈದು ಪ್ರಯೋಜನವಿಲ್ಲ. ಚಿಕ್ಕ ಊರಿನ ಕ್ಲಿನಿಕ್ಕಿನಲ್ಲಿ ಅಲರ್ಜಿ ಎಂದು ಬರೆದುಕೊಟ್ಟ ಮುಲಾಮು ಹಚ್ಚುತ್ತಾ ಕೂತರೂ ಕಳೆಯುವುದು ಅಷ್ಟೇ ಬೇಸಿಗೆಗಳು.

ಎಳೆಬಿಸಿಲಿನ ವಿಷಯವೂ ಇಲ್ಲೇ ಬರುತ್ತದೆ. ಎಣ್ಣೆ ತಿಕ್ಕಿದ ಕೂಸನ್ನು ಬೆಳಗ್ಗೆ ಅಂಗಳದಲ್ಲೋ ಬಾಲ್ಕನಿಯಲ್ಲೋ ಸ್ವಲ್ಪ ಹೊತ್ತು ಮಲಗಿಸುವುದು ಬಾಣಂತನದ ಕ್ರಮ. ಕಾಮಾಲೆಯ ಛಾಯೆಯಿದ್ದರಂತೂ ತಪ್ಪದೆ. “ಎಳೆಬಿಸಿಲು ಕಣೇ, ಏನೂ ಆಗಲ್ಲ, ಮೂಳೆ ಗಟ್ಟಿಯಾಗುತ್ತೆ” ಎನ್ನುವ ಅಜ್ಜಿಯ ಮಾತು ಲಕ್ಷ ಮಕ್ಕಳಿಗೆ ಸರಿ. ಎಕ್ಸ್‌ಪಿ ಮಗುವಿನ ಮಟ್ಟಿಗೆ ಅಲ್ಲಿಂದಲೇ ಎಣಿಕೆ ಶುರು. ಬೆಂಗಳೂರಿನ ಹಿತವಾದ ಹವೆ ಇನ್ನೊಂದು ಮೋಸ. ಊರು 900 ಮೀಟರಿಗಿಂತ ಎತ್ತರದಲ್ಲಿದೆ, ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಈ ಕಿರಣ ಹೆಚ್ಚು ಬರುತ್ತದೆ. 13 ಡಿಗ್ರಿ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಯ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಬಳ್ಳಾರಿಯಲ್ಲಿ ಮೈ ಬೇಯುತ್ತದೆ, ಆದ್ದರಿಂದ ಮಗು ಒಳಗಿರುತ್ತದೆ. ಬೆಂಗಳೂರಿನಲ್ಲಿ ತಂಪು ಗಾಳಿ ಬೀಸುತ್ತದೆ, ಆದ್ದರಿಂದ ಮಗು ಪಾರ್ಕಿನಲ್ಲಿರುತ್ತದೆ.

ಮದುವೆಯ ಮಾತನ್ನೂ ಬಿಡುವಂತಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ರಕ್ತಸಂಬಂಧದ ಮದುವೆ ಅತಿ ಹೆಚ್ಚು ಇರುವ ರಾಜ್ಯಗಳೆಂದರೆ ತಮಿಳುನಾಡು ಮತ್ತು ಕರ್ನಾಟಕ, ಸುಮಾರು ನಾಲ್ಕರಲ್ಲಿ ಒಂದು ಮದುವೆ. ಸೋದರಮಾವ, ಸೋದರತ್ತೆಯ ಮಗ, ‘ಹೆಣ್ಣು ಹೊರಗೆ ಹೋಗಬಾರದು’ ಎಂಬ ಮಾತು. ಹೆಚ್ಚಿನ ಮನೆಗಳಲ್ಲಿ ಇದರಿಂದ ಏನೂ ಆಗುವುದಿಲ್ಲ. ಆದರೆ ಮುತ್ತಜ್ಜಿಯೊಬ್ಬಳಲ್ಲಿ ಇದ್ದಿರಬಹುದಾದ ಒಂದೇ ಒಂದು ಕೆಟ್ಟ ಪ್ರತಿ ಎರಡು ಕವಲಾಗಿ ಇಳಿದು ಒಂದೇ ಮಗುವಿನಲ್ಲಿ ಸೇರಲು ಬೇಕಾದದ್ದು ಇಂಥ ಮದುವೆಯೇ. ಹೊತ್ತು ತಂದ ತಂದೆತಾಯಿಗೆ ಯಾವ ಲಕ್ಷಣವೂ ಇರುವುದಿಲ್ಲ. ಆದ್ದರಿಂದ ಅವರಿಗೆ ಗೊತ್ತಾಗುವುದು ಮಗುವಿನಿಂದಲೇ. ಗೊತ್ತಾದ ದಿನದಿಂದ ಸೊಸೆಯ ಕಡೆಯೇ ಬೆರಳು ತೋರಿಸುವ ಮನೆಗಳೂ ಉಂಟು. ಅವಳೂ ಗಂಡನೂ ಒಂದೇ ಅಜ್ಜಿಯ ಮೊಮ್ಮಕ್ಕಳು ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ಗೊತ್ತಾದ ಮೇಲೆ ಮನೆಯನ್ನೇ ಬದಲಿಸಬೇಕು. ಕಿಟಕಿಯ ಗಾಜು ನೇರಳಾತೀತ ಕಿರಣದ ಒಂದು ಪಾಲನ್ನು ತಡೆದು ಇನ್ನೊಂದು ಪಾಲನ್ನು ಒಳಗೆ ಬಿಡುತ್ತದೆ, ಅದಕ್ಕೆ ಫಿಲ್ಮ್ ಅಂಟಿಸಬೇಕು. ಹಳೇ ಟ್ಯೂಬ್‌ಲೈಟು, ಹ್ಯಾಲೊಜನ್ ದೀಪ ತೆಗೆದು ಎಲ್‌ಇಡಿ ಹಾಕಬೇಕು. ಸ್ಕೂಲಿನಲ್ಲಿ ಕಿಟಕಿಯಿಂದ ದೂರದ ಬೆಂಚು, ಬೆಳಗಿನ ಪ್ರಾರ್ಥನೆಗೆ ಮೈದಾನದಲ್ಲಿ ನಿಲ್ಲದಿರಲು ಹೆಡ್ಮೇಷ್ಟ್ರ ಒಪ್ಪಿಗೆ. ಕಾರಿನ ಗಾಜಿಗೂ ಫಿಲ್ಮ್ ಬೇಕು. ಆದರೆ 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಹಚ್ಚುವುದನ್ನು ನಿಷೇಧಿಸಿದ ಮೇಲೆ ಪ್ರತಿ ಸಿಗ್ನಲ್ಲಿನಲ್ಲೂ ಪೊಲೀಸರಿಗೆ ವೈದ್ಯರ ಚೀಟಿ ತೋರಿಸುವ ಕೆಲಸ. ಬಿಸಿಲಿಲ್ಲದೆ ವಿಟಮಿನ್ ಡಿ ಸಿಗುವುದಿಲ್ಲ, ಅದಕ್ಕೆ ಔಷಧಿ. ಕಣ್ಣಿನ ಮುಂಭಾಗಕ್ಕೂ ಹಾನಿಯಾಗುವುದರಿಂದ ಬದಿಯಿಂದಲೂ ಮುಚ್ಚುವ ಕನ್ನಡಕ.

ಸನ್‌ಸ್ಕ್ರೀನಿನ ಲೆಕ್ಕ ಒಂದನ್ನು ಮಾಡಿ ನೋಡಬಹುದು. ದೊಡ್ಡವರ ಇಡೀ ಮೈಗೆ ಸರಿಯಾಗಿ ಹಚ್ಚಲು ಒಂದು ಸಲಕ್ಕೆ ಸುಮಾರು 30 ಮಿಲಿಲೀಟರ್ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಂಗಡಿಯಲ್ಲಿ ಸಿಗುವ 50 ಗ್ರಾಂ ಟ್ಯೂಬು ಎರಡು ಸಲಕ್ಕೂ ಬರುವುದಿಲ್ಲ. ಬಟ್ಟೆಯಿಂದ ಮೈ ಮುಚ್ಚಿ ಮುಖ, ಕುತ್ತಿಗೆ, ಕೈಗೆ ಮಾತ್ರ ಹಚ್ಚಿದರೂ ತಿಂಗಳಿಗೆ ಟ್ಯೂಬುಗಳ ಸಾಲೇ ಬೇಕು. ಭಾರತದ ಕಾನೂನಿನ ಕಣ್ಣಿಗೆ ಸನ್‌ಸ್ಕ್ರೀನ್ ಸೌಂದರ್ಯವರ್ಧಕ. ಲಿಪ್‌ಸ್ಟಿಕ್ಕಿನ ಸಾಲಿನಲ್ಲಿ ಅದರ ಜಾಗ. ಮಗುವಿನ ಪ್ರಾಣ ಕಾಯುವ ವಸ್ತುವಿಗೆ ಅಂಥ ಹೆಸರು ಅಂಟಿಕೊಂಡಿರುವಾಗ ವಿಮೆಯವರ ಹತ್ತಿರವೋ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲೋ ಅದನ್ನು ಕೇಳುವುದು ಹೇಗೆ?

ಚಿಕಿತ್ಸೆ ಎಂದರೆ ಬಹುಮಟ್ಟಿಗೆ ಕತ್ತರಿಯೇ. ಕೆಲವು ತಿಂಗಳಿಗೊಮ್ಮೆ ಇಡೀ ಮೈ ನೋಡಬೇಕು, ತಲೆಯ ಕೂದಲು ಬಿಡಿಸಿ, ಕಿವಿಯ ಹಿಂದೆ, ರೆಪ್ಪೆ ಮಗುಚಿ, ನಾಲಗೆ ಚಾಚಿಸಿ. ಸಣ್ಣದಿದ್ದಾಗಲೇ ತೆಗೆದರೆ ಉಳಿಯುತ್ತಾರೆ. ಹರಡುವ ಮುಂಚಿನ ಹಂತಕ್ಕೆ ಹಚ್ಚುವ ಕ್ರೀಮುಗಳಿವೆ. 1988ರಲ್ಲಿ ಬೆಥೆಸ್ಡಾದ ವೈದ್ಯರು ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಗುಳಿಗೆಯನ್ನು ಹೆಚ್ಚಿನ ಪ್ರಮಾಣದಲ್ಲಿ ಐದು ಎಕ್ಸ್‌ಪಿ ರೋಗಿಗಳಿಗೆ ಕೊಟ್ಟರು. ಹೊಸ ಕ್ಯಾನ್ಸರುಗಳು ಗಣನೀಯವಾಗಿ ಇಳಿದವು. ಗುಳಿಗೆ ನಿಲ್ಲಿಸಿದ ಮೇಲೆ ಮತ್ತೆ ಏರಿದವು. ಅಡ್ಡಪರಿಣಾಮಗಳಿಂದಾಗಿ ನಿಲ್ಲಿಸದೆ ಇರುವುದೂ ಕಷ್ಟ. ಈಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಕ್ಯಾನ್ಸರ್ ಔಷಧಿಗಳು ಕೆಲವು ಎಕ್ಸ್‌ಪಿ ರೋಗಿಗಳಲ್ಲಿ ಕತ್ತರಿಯಿಂದ ಆಗದ್ದನ್ನು ಮಾಡಿವೆ. ತಪ್ಪುಗಳೇ ತುಂಬಿದ ಕೋಶವನ್ನು ದೇಹ ಪರಕೀಯವೆಂದು ಗುರುತಿಸುವುದು ಸುಲಭವಂತೆ. ಬೆಲೆ ಮಾತ್ರ ಸಾಮಾನ್ಯರ ಕೈಗೆ ಎಟಕುವಂಥದ್ದಲ್ಲ.

ಕೈಗೆ ಎಟಕುವುದು ಬೇಗ ಗುರುತಿಸುವುದೊಂದೇ. ಒಂದು ಮಗುವಿನಲ್ಲಿ ಯಾವ ವಂಶವಾಹಿಯ ಯಾವ ಅಕ್ಷರ ತಪ್ಪಿದೆ ಎಂದು ರಕ್ತಪರೀಕ್ಷೆಯಿಂದ ತಿಳಿದರೆ, ಅದೇ ತಂದೆತಾಯಿಯ ಮುಂದಿನ ಬಸುರಿನಲ್ಲಿ ಹನ್ನೊಂದನೇ ವಾರದ ಸುಮಾರಿಗೇ ನೋಡಬಹುದು, ಹುಟ್ಟಿದ ಕೂಸಿನಲ್ಲಿ ಮೊದಲ ದಿನವೇ ನೋಡಬಹುದು. ಪ್ರತಿ ಸಲವೂ ಸಾಧ್ಯತೆ ನಾಲ್ಕಕ್ಕೆ ಒಂದು. ಒಂದೇ ಮನೆಯ ಇಬ್ಬರು ಎಕ್ಸ್‌ಪಿ ಮಕ್ಕಳನ್ನು ನೋಡಿದ ವೈದ್ಯರು ಮತ್ತೆ ಮತ್ತೆ ಬರೆಯುವ ಒಂದು ಸಂಗತಿಯಿದೆ. ದೊಡ್ಡದಕ್ಕೆ ಕಾಯಿಲೆ ಗೊತ್ತಾಗುವ ಹೊತ್ತಿಗೆ ಐದಾರು ವರ್ಷ ಕಳೆದಿರುತ್ತದೆ. ಚಿಕ್ಕದು ಹುಟ್ಟುವಾಗ ಮನೆಯ ಕಿಟಕಿಗಳಿಗೆ ಆಗಲೇ ಫಿಲ್ಮ್ ಬಂದಿರುತ್ತದೆ, ಆ ಕೂಸನ್ನು ಯಾರೂ ಬಾಲ್ಕನಿಯಲ್ಲಿ ಮಲಗಿಸುವುದಿಲ್ಲ. ಇಬ್ಬರಲ್ಲಿರುವುದೂ ಅದೇ ತಪ್ಪು ಅಕ್ಷರ. ಕೆಲವು ವರ್ಷಗಳ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದರೆ ದೊಡ್ಡದರ ಮುಖದ ತುಂಬ ಚುಕ್ಕೆ, ಹೊಲಿಗೆಯ ಗುರುತು. ಚಿಕ್ಕದರ ಕೆನ್ನೆಯ ಮೇಲೆ ಹುಡುಕಿದರೆ ಸಿಗುವಷ್ಟು.